ಪರಿಸರ ಉದ್ಯಮ: ದುಡ್ಡು ಕೊಡುವವರು ಯಾರು?

ಕಾಸರಗೋಡು ಜಿಲ್ಲೆಯ ಕಾಲೇಜುಗಳಲ್ಲಿ ‘ಗ್ರೀನ್ ಸ್ಟಾರ್ಟಪ್’, ಅಂದರೆ ಪರಿಸರ ಉದ್ಯಮ, ಎಂಬ ಮಾತು ಈಗ ಪದೇ ಪದೇ ಕಿವಿಗೆ ಬೀಳುತ್ತದೆ. ಐಡಿಯಾ ಸ್ಪರ್ಧೆ, ಶಿಬಿರ, ತರಬೇತಿ ಒಂದರ ಹಿಂದೊಂದು ನಡೆಯುತ್ತಿವೆ. ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024ರ ಜುಲೈಯಿಂದ ನಾಲ್ಕು ವರ್ಷದ ಪದವಿ ಕ್ರಮ ಬಂದ ಮೇಲೆ ಇಂಟರ್ನ್‌ಶಿಪ್ ಓದಿನ ಭಾಗವೇ ಆಗಿಬಿಟ್ಟಿದೆ. ಹಾಗಾಗಿ ಬದಿಯಡ್ಕದಿಂದಲೋ ಪೈವಳಿಕೆಯಿಂದಲೋ ಬಸ್ಸು ಹತ್ತಿ ವಿದ್ಯಾನಗರದ ಸರಕಾರಿ ಕಾಲೇಜಿಗೆ ಹೋಗುವ ಬಿ.ಎ., ಬಿ.ಎಸ್ಸಿ. ಮಕ್ಕಳೂ ಈ ಮಾತಿಗೆ ಅರ್ಥ ಹುಡುಕಬೇಕಾಗಿದೆ. ಮನೆಯಲ್ಲಿ ಹಿರಿಯರ ಪ್ರಶ್ನೆ ಒಂದೇ: ‘ಪರಿಸರ ಎಲ್ಲ ಸರಿ ಮಾರಾಯ, ಅದಕ್ಕೆ ದುಡ್ಡು ಕೊಡುವವರು ಯಾರು?’

ಪ್ರಶ್ನೆಯಲ್ಲಿ ಸ್ವಲ್ಪ ಕೊಂಕಿದ್ದರೂ ಕೇಳಬೇಕಾದ ಪ್ರಶ್ನೆಯೇ ಅದು. ಪರಿಸರ ಉದ್ಯಮವನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಯಾವುದು ಪರಿಸರ ಉದ್ಯಮ, ಯಾವುದು ಅಲ್ಲ

ನೆಲ, ನೀರು, ಗಾಳಿಗೆ ಆಗುತ್ತಿರುವ ಒಂದು ಹಾನಿಯನ್ನು ಕಡಿಮೆ ಮಾಡುವ ಕೆಲಸವನ್ನೇ ವ್ಯಾಪಾರವಾಗಿ ನಡೆಸುವುದು ಪರಿಸರ ಉದ್ಯಮ. ವ್ಯಾಪಾರ ಬೆಳೆದಷ್ಟೂ ಹಾನಿ ಇಳಿಯಬೇಕು. ಜತೆಗೆ ಗಿರಾಕಿ ಕೊಡುವ ಹಣದಲ್ಲೇ ಕೆಲಸ ಮುಂದುವರಿಯುವಂತಿರಬೇಕು. ಎನ್ನೆಸ್ಸೆಸ್ ತಂಡ ಕಣ್ವತೀರ್ಥದ ಕಡಲತಡಿಯಲ್ಲಿ ಪ್ಲಾಸ್ಟಿಕ್ ಹೆಕ್ಕುವುದು ಒಳ್ಳೆಯ ಕೆಲಸ. ಆದರೆ ಅದು ಸೇವೆ. ಸಾವಿರ ಪ್ಲಾಸ್ಟಿಕ್ ಪೆನ್ನು ಮಾರಿ ಜೂನ್ 5ಕ್ಕೆ ಒಂದು ಗಿಡ ನೆಟ್ಟು ಫೋಟೋ ಹಾಕುವ ಅಂಗಡಿ ಉದ್ಯಮವೇನೋ ಹೌದು, ಅದರಲ್ಲಿ ಪರಿಸರ ಮಾತ್ರ ಇಲ್ಲ.

ಹಣ ಕೊಡುವವರಲ್ಲಿ ಮುಖ್ಯವಾಗಿ ಮೂರು ಬಗೆ. ಕೆಲವರಿಗೆ ವಸ್ತು ಹೇಗೂ ಬೇಕಿರುತ್ತದೆ. ಊಟಕ್ಕೆ ತಟ್ಟೆ, ತೋಟಕ್ಕೆ ಗೊಬ್ಬರ ಇದ್ದಂತೆ. ಪರಿಸರಸ್ನೇಹಿಯಾದದ್ದು ಅದೇ ಬೆಲೆಗೆ ಸಿಕ್ಕಿದರೆ ತೆಗೆದುಕೊಳ್ಳುತ್ತಾರೆ, ತುಸು ಹೆಚ್ಚಾದರೆ ಯೋಚಿಸುತ್ತಾರೆ. ಇನ್ನು ಕೆಲವರಿಗೆ ಉಳಿತಾಯ ಕಾಣಬೇಕು: ಕರೆಂಟು ಬಿಲ್ಲು, ಬೇಸಗೆಯ ಟ್ಯಾಂಕರ್ ನೀರಿನ ಖರ್ಚು ಇಳಿಯುವುದಾದರೆ ಇವರು ಮುಂಗಡ ಹಣ ಹಾಕಲು ಸಿದ್ಧ. ಉಳಿದವರು ಕಾನೂನಿಗೆ ಕಟ್ಟುಬಿದ್ದವರು, ಮನಸ್ಸಿಲ್ಲದಿದ್ದರೂ ಕೊಡಲೇಬೇಕಾದವರು. ಸರಕಾರದ ಅನುದಾನ ಈ ಮೂರರಲ್ಲಿ ಎಲ್ಲೂ ಸೇರುವುದಿಲ್ಲ ಎಂಬುದನ್ನು ಗಮನಿಸಿ. ಅನುದಾನ ಉದ್ಯಮದ ಮೊದಲ ವರ್ಷವನ್ನು ಸಾಗಿಸೀತು, ಗಿರಾಕಿಯ ಜಾಗ ತುಂಬಲಾರದು. ಕಾಲೇಜು ಸ್ಪರ್ಧೆಗಳಲ್ಲಿ ಬಹುಮಾನ ಪಡೆದ ಐಡಿಯಾಗಳು ಬಹುಮಾನದ ಹಣ ಮುಗಿದೊಡನೆ ಮಾಯವಾಗುವುದಕ್ಕೆ ಈ ಗೊಂದಲವೇ ಹೆಚ್ಚಿನ ಕಾರಣ ಎಂದು ನನ್ನ ಅನಿಸಿಕೆ.

ಕಾನೂನು ಹುಟ್ಟಿಸಿದ ಗಿರಾಕಿ

ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕೇರಳ 2020ರ ಜನವರಿ 1ರಿಂದಲೇ ನಿಷೇಧಿಸಿತು. ದೇಶದ ಮಟ್ಟದಲ್ಲಿ ತಟ್ಟೆ, ಲೋಟ, ಚಮಚ, ಸ್ಟ್ರಾ ಮುಂತಾದವುಗಳ ನಿಷೇಧ 2022ರ ಜುಲೈ 1ಕ್ಕೆ ಜಾರಿಗೆ ಬಂತು. ಪ್ಲಾಸ್ಟಿಕ್ ಕೈಚೀಲ ಕನಿಷ್ಠ 120 ಮೈಕ್ರಾನ್ ದಪ್ಪವಿರಬೇಕು ಎಂಬ ನಿಯಮ ಅದೇ ವರ್ಷದ ಕೊನೆಗೆ ಬಂತು. ಜಂಬರದ ಮನೆ, ದೇವಸ್ಥಾನದ ಬ್ರಹ್ಮಕಲಶ, ಮಸೀದಿಯ ಉರೂಸ್, ಪಕ್ಷಗಳ ಸಮ್ಮೇಳನ ಎಲ್ಲಕ್ಕೂ ಬದಲಿ ವಸ್ತು ಬೇಕಾಯಿತು. ಹೀಗೆ ಕಾನೂನು ಒಂದು ಮಾರುಕಟ್ಟೆಯನ್ನೇ ಹುಟ್ಟಿಸಿತು.

ಇನ್ನೊಂದು ನಿಯಮ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಅದರ ಹೆಸರು ಉತ್ಪಾದಕರ ವಿಸ್ತೃತ ಹೊಣೆಗಾರಿಕೆ, ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಇಪಿಆರ್. ಮದುವೆಗೆ ಪಾತ್ರೆ ಬಾಡಿಗೆಗೆ ಕೊಟ್ಟವನೇ ಮರುದಿನ ಗಾಡಿ ತಂದು ಪಾತ್ರೆ ಕೊಂಡುಹೋಗುತ್ತಾನಲ್ಲ, ಹಾಗೆಯೇ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಾಮಾನು ಮಾರಿದ ಕಂಪನಿ ಅಷ್ಟೇ ತೂಕದ ಪ್ಲಾಸ್ಟಿಕ್ಕನ್ನು ಹಿಂದೆ ಪಡೆದು ಮರುಬಳಕೆಗೆ ಕಳಿಸುವ ಹೊಣೆ ಹೊರಬೇಕು. ಕಂಪನಿಗಳು ಸ್ವತಃ ಮನೆಮನೆಗೆ ಬರುವುದಿಲ್ಲ. ಆ ಕೆಲಸ ಮಾಡಿದ ಮರುಬಳಕೆ ಘಟಕದಿಂದ ಪ್ರಮಾಣಪತ್ರ ಕೊಂಡುಕೊಳ್ಳುತ್ತವೆ. ಪ್ಲಾಸ್ಟಿಕ್ ಪೊಟ್ಟಣಗಳಿಗೆ ಇದರ ಮಾರ್ಗಸೂಚಿ ಬಂದದ್ದು 2022ರ ಫೆಬ್ರವರಿಯಲ್ಲಿ. ಹಳೆಯ ಮೊಬೈಲು, ಕಂಪ್ಯೂಟರಿನಂಥ ಇ-ತ್ಯಾಜ್ಯಕ್ಕೂ 2023ರ ಏಪ್ರಿಲ್‌ನಿಂದ ಇಂಥದೇ ವ್ಯವಸ್ಥೆಯಿದೆ.

ಹಾಗಾದರೆ ವಿದ್ಯಾರ್ಥಿಗಳು ಪ್ಲಾಸ್ಟಿಕ್ ಸಂಗ್ರಹಕ್ಕೆ ಇಳಿಯಬಹುದೇ? ಕೇರಳದಲ್ಲಿ ಈ ಜಾಗದಲ್ಲಿ ಆಗಲೇ ಹರಿತ ಕರ್ಮ ಸೇನೆ ಇದೆ. ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಹೆಂಗಸರು ಮನೆಮನೆಗೆ ಬಂದು, ಪಂಚಾಯತುಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 50 ರೂಪಾಯಿ ಪಡೆದು ಒಣ ಕಸ ಒಯ್ಯುತ್ತಾರೆ. ಅವರೊಡನೆ ಪೈಪೋಟಿ ಮಾಡುವುದರಲ್ಲಿ ಅರ್ಥವೂ ಇಲ್ಲ, ಲಾಭವೂ ಇಲ್ಲ. ಅವರು ಒಯ್ಯದೆ ಉಳಿಯುವ ಹಸಿ ಕಸ ಎಂಬ ದೊಡ್ಡ ರಾಶಿಯಲ್ಲಿ ಮಾತ್ರ ಅವಕಾಶವಿದೆ. ಕೇರಳದ ನೀತಿಯ ಪ್ರಕಾರ ಅದು ಹುಟ್ಟಿದಲ್ಲೇ ಗೊಬ್ಬರವಾಗಬೇಕು. ಉಪ್ಪಳದ ಫ್ಲಾಟುಗಳಲ್ಲಿ, ಕುಂಬಳೆಯ ಹೋಟೆಲುಗಳಲ್ಲಿ ಹಿತ್ತಿಲೇ ಇಲ್ಲ. ಗೊಬ್ಬರದ ಬಕೀಟು ಮಾರುವವರು ಬೇಕಾದಷ್ಟು ಮಂದಿ ಇದ್ದಾರೆ. ಮೂರನೆಯ ವಾರ ಅದರಲ್ಲಿ ಹುಳ ಎದ್ದು ವಾಸನೆ ಹೊಡೆದಾಗ ಬಂದು ಸರಿಮಾಡಿಕೊಡುವವರಿಲ್ಲ. ತಿಂಗಳ ಶುಲ್ಕಕ್ಕೆ ವಾರಕ್ಕೊಮ್ಮೆ ಬಂದು ತೇವ ನೋಡಿ, ತೆಂಗಿನ ನಾರಿನ ಹುಡಿ ಬೆರೆಸಿ, ಕಲಕಿ, ಆದ ಗೊಬ್ಬರ ಒಯ್ಯುವ ಸೇವೆಗೆ ಯಂತ್ರ ಬೇಡ, ದೊಡ್ಡ ಬಂಡವಾಳವೂ ಬೇಡ. ಸ್ಕೂಟರು, ಕೈಗವಸು, ಸೂಕ್ಷ್ಮಜೀವಿಗಳ ಬಗ್ಗೆ ಡಿಗ್ರಿ ಎರಡನೇ ವರ್ಷದಷ್ಟು ಜ್ಞಾನ ಇದ್ದರೆ ಸಾಕು.

ಸಮಾರಂಭಗಳಿಗೆ ಸ್ಟೀಲು ತಟ್ಟೆ-ಲೋಟ ಬಾಡಿಗೆಗೆ ಕೊಟ್ಟು, ತೊಳೆದು, ಕಸ ವಿಂಗಡಿಸಿ ಒಪ್ಪಿಸುವ ‘ಗ್ರೀನ್ ಪ್ರೊಟೊಕಾಲ್’ ಸೇವೆಯೂ ಇದೇ ಜಾತಿಯದು. ಒಂದೇ ತೊಡಕು ನೀರು. ಏಪ್ರಿಲ್–ಮೇ ಮದುವೆಯ ಕಾಲ, ಬಾವಿ ಬತ್ತುವ ಕಾಲವೂ ಅದೇ.

ಹಾಳೆತಟ್ಟೆಯ ಒಳಹೊರಗು

ನಮ್ಮ ಕಡೆ ಪರಿಸರ ಉದ್ಯಮ ಎಂದೊಡನೆ ಎಲ್ಲರ ಬಾಯಲ್ಲಿ ಬರುವುದು ಹಾಳೆತಟ್ಟೆ. ಅಡಿಕೆ ಮರದಿಂದ ತಾನಾಗಿ ಉದುರುವ ಹಾಳೆಯನ್ನು ತೊಳೆದು ನೀರಲ್ಲಿ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ, ಅಂಚು ಕತ್ತರಿಸಿದರೆ ತಟ್ಟೆ ಸಿದ್ಧ. ಅಂಟು, ಬಣ್ಣ, ರಾಸಾಯನಿಕ ಯಾವುದೂ ಬೇಡ. ಮರ ಕಡಿಯಬೇಕಾಗಿಲ್ಲ. ಎಸೆದರೆ ಮಣ್ಣಾಗುತ್ತದೆ. ಕೇಳುವುದಕ್ಕೆ ಸುಲಭ, ಆದ್ದರಿಂದಲೇ ಲೆಕ್ಕ ಹಾಕಿ ನೋಡಬೇಕು.

ಅಡಿಕೆ ಗಿಡಗಳ ನಡುವೆ ಶಿಫಾರಸಾದ ಅಂತರ 2.7 ಮೀಟರ್. ಹಾಗೆ ನೆಟ್ಟ ಒಂದು ಎಕ್ರೆಯಲ್ಲಿ ಸುಮಾರು 550 ಮರ. ಮರವೊಂದು ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಐದು ಎಂದೇ ಹಿಡಿದರೆ ಎಕ್ರೆಗೆ 2750 ಹಾಳೆ. ಮಳೆಗಾಲದಲ್ಲಿ ಬಿದ್ದವು ಕೊಳೆತು ಬೂಸ್ಟು ಹಿಡಿಯುತ್ತವೆ, ಕೆಲವು ಸೀಳಿರುತ್ತವೆ, ಕೆಲವು ತೀರಾ ಸಣ್ಣವು. ಅರ್ಧದಷ್ಟು ಕೈಗೆ ಹತ್ತಿದರೆ ಪುಣ್ಯ, ಅಂದರೆ 1400ರ ಆಸುಪಾಸು. ಹಾಳೆಗೊಂದು ಊಟದ ತಟ್ಟೆ ಎಂದು ಹಿಡಿದರೆ, ಸಾವಿರ ಮಂದಿ ಉಣ್ಣುವ ಒಂದೇ ಮದುವೆಗೆ ಒಂದು ಎಕ್ರೆಯ ವರ್ಷದ ಹಾಳೆಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಮುಗಿದೇ ಹೋಗುತ್ತದೆ. ದಿನಕ್ಕೆ 500 ತಟ್ಟೆ ಒತ್ತುವ ಘಟಕ ವರ್ಷಕ್ಕೆ 200 ದಿನ ನಡೆಯುತ್ತದೆ ಎಂದುಕೊಳ್ಳಿ: ಲಕ್ಷ ಹಾಳೆ ಬೇಕು. ಸುಮಾರು 70 ಎಕ್ರೆ ತೋಟದವರೊಡನೆ ಒಪ್ಪಂದ ಮಾಡಿಕೊಳ್ಳದೆ ಅದು ನಡೆಯದು.

ಒಳ್ಳೆಯ ಹಾಳೆ ಸಿಗುವುದು ಮಳೆ ನಿಂತ ಮೇಲೆ, ಮುಂದಿನ ಮಳೆ ಹಿಡಿಯುವ ತನಕ. ಆ ಆರು ತಿಂಗಳಲ್ಲಿ ಹೆಕ್ಕಿ, ಬಿಸಿಲಿಗೆ ಒಣಗಿಸಿ, ಕಟ್ಟು ಕಟ್ಟಿ, ತೇವ ತಾಗದ ಮಾಡಿನಡಿ ಅಟ್ಟಿ ಇಡಬೇಕು. ಯಂತ್ರ ಮಾರುವವರು ಈ ಮಾಡಿನ ಖರ್ಚಿನ ಸುದ್ದಿಯನ್ನೇ ಎತ್ತುವುದಿಲ್ಲ. ಹಾಳೆತಟ್ಟೆ ಒತ್ತುವ ಉದ್ಯಮದಂತೆ ಕಂಡರೂ ಒಳಗೆ ಅದು ಒಣಗಿಸಿ ಕಾಪಿಡುವ ಉದ್ಯಮ. ಜೂನ್‌ನಲ್ಲಿ ಹಾಳೆಗೆ ಬೂಸ್ಟು ಬಂದರೆ ಆ ವರ್ಷದ ಲಾಭ ಗೊಬ್ಬರದ ಗುಂಡಿಗೇ ಹೋಯಿತು.

ಇನ್ನೊಂದು ವಿಷಯ ಈಚಿನದು. 2025ರಲ್ಲಿ ಅಮೆರಿಕದ ಎಫ್‌ಡಿಎ ಎಂಬ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಅಡಿಕೆ ಹಾಳೆಯ ತಟ್ಟೆಗಳ ಆಮದಿಗೆ ತಡೆಯೊಡ್ಡಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡುಗಳು, ಅಂದರೆ ಗಿಡದಲ್ಲಿ ಸಹಜವಾಗಿರುವ ತೀಕ್ಷ್ಣ ರಾಸಾಯನಿಕಗಳು, ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಅದು ಕೊಟ್ಟ ಕಾರಣ. ಭಾರತದೊಳಗೆ ತಟ್ಟೆಯ ಬಳಕೆಗೆ ಇದರಿಂದ ಅಡ್ಡಿಯಾಗಿಲ್ಲ, ರಫ್ತನ್ನೇ ನಂಬಿದ್ದ ಘಟಕಗಳಿಗೆ ಮಾತ್ರ ಪೆಟ್ಟು ಬಿತ್ತು. ಹೊಸದಾಗಿ ಇಳಿಯುವವರು ತಿಳಿಯಬೇಕಾದ್ದು ಇಷ್ಟು: ‘ಅಜ್ಜನ ಕಾಲದಿಂದ ಹಾಳೆಯಲ್ಲಿ ಉಂಡಿದ್ದೇವೆ’ ಎಂಬ ಮಾತು ಹೊರದೇಶದ ಗಿರಾಕಿಗೆ ಪುರಾವೆಯಾಗುವುದಿಲ್ಲ. ಎಷ್ಟು ಹೊತ್ತು ನೆನೆಸಿದರೆ, ಎಷ್ಟು ಸಲ ನೀರು ಬದಲಿಸಿದರೆ, ಎಷ್ಟು ಬಿಸಿಯಲ್ಲಿ ಒತ್ತಿದರೆ ಆಲ್ಕಲಾಯ್ಡ್ ಎಷ್ಟು ಉಳಿಯುತ್ತದೆ ಎಂಬ ಅಳತೆ ಬೇಕು. ರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಪ್ರಾಜೆಕ್ಟು ಇನ್ನೊಂದಿದೆಯೇ? ನಾನಾದರೆ ಹೊಸ ಯಂತ್ರ ಹಾಕುವುದಕ್ಕಿಂತ ಮೊದಲು ಈ ಪರೀಕ್ಷೆಯ ದಾರಿ ಹುಡುಕುತ್ತೇನೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕೂಡ್ಲಿನ ಸಿಪಿಸಿಆರ್‌ಐ ಎರಡೂ ಜಿಲ್ಲೆಯೊಳಗೇ ಇವೆ.

ಹಣ್ಣು, ನಾರು, ಸೋಗೆ

ಸಿಪಿಸಿಆರ್‌ಐ ಎಂದರೆ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು, 1970ರಲ್ಲಿ ಈಗಿನ ರೂಪ ಪಡೆಯಿತು. ಕೊಳೆಯಲು ತೀರಾ ನಿಧಾನವಾದ ತೆಂಗಿನ ಸೋಗೆಯನ್ನು ತಿಂದು ಎರಡು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಎರೆಹುಳದ ತಳಿ, ತೆಂಗಿನ ಚಿಪ್ಸ್, ಹೊಂಬಾಳೆಯಿಂದ ಹುಳಿಯದ ಹಾಗೆ ಇಳಿಸುವ ಕಲ್ಪರಸ ಮುಂತಾದ ತಂತ್ರಜ್ಞಾನ ಅಲ್ಲಿದೆ. ‘ತಂತ್ರಜ್ಞಾನದ ಪರವಾನಗಿ’ ಎಂದರೆ ಶುಲ್ಕ ಕೊಟ್ಟು ಆ ವಿಧಾನವನ್ನು ಬಳಸುವ ಹಕ್ಕು ಪಡೆಯುವುದು. ತರಬೇತಿಯೂ ಜತೆಗೆ ಸಿಗುತ್ತದೆ. ವಿದ್ಯಾರ್ಥಿ ಎಲ್ಲವನ್ನೂ ತಾನೇ ಕಂಡುಹಿಡಿಯಬೇಕೆಂದಿಲ್ಲ ಎಂಬುದು ಇದರಲ್ಲಿರುವ ಅನುಕೂಲ. ಕಲ್ಪರಸಕ್ಕೆ ಮಾತ್ರ ಕೇರಳದಲ್ಲಿ ಅಬಕಾರಿ ಪರವಾನಗಿಯ ಪ್ರಶ್ನೆ ಬರುತ್ತದೆ. ಒಬ್ಬಿಬ್ಬರು ವಿದ್ಯಾರ್ಥಿಗಳು ಅದಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಗೇರುಹಣ್ಣಿನದು ಬೇರೆ ಕತೆ. ಬೀಜ ಕಿತ್ತ ಮೇಲೆ ಹಣ್ಣು ಗುಡ್ಡೆಯಲ್ಲೇ ಕೊಳೆಯುತ್ತದೆ. ಕಿತ್ತ ಹಣ್ಣು ಒಂದು ದಿನ ತಾಳುವುದು ಕಷ್ಟ, ಜತೆಗೆ ಟ್ಯಾನಿನ್‌ನಿಂದ ಬರುವ ಒಗರು. ಬೇಯಿಸಿದ ಸಾಬಕ್ಕಿಯ ಗಂಜಿ ಬೆರೆಸಿಟ್ಟರೆ ಟ್ಯಾನಿನ್ ಅದಕ್ಕೆ ಅಂಟಿ ತಳಕ್ಕಿಳಿಯುತ್ತದೆ, ಮೇಲಿನ ತಿಳಿ ರಸ ಸಿರಪ್ಪಿಗೆ ಒದಗುತ್ತದೆ. ವಿಧಾನ ಗೊತ್ತಿದ್ದರೂ ವ್ಯಾಪಾರ ಬೆಳೆಯದಿರುವುದಕ್ಕೆ ಕಾರಣ ಸಾಗಾಟ. ಬೆಳಗ್ಗೆ ಬಿದ್ದ ಹಣ್ಣು ಅದೇ ಸಂಜೆ ಅರೆಯುವ ಜಾಗ ಮುಟ್ಟಬೇಕು. ತೋಟದ ಬುಡಕ್ಕೇ ಹೋಗುವ ಗಾಡಿಯಲ್ಲಿ ಅರೆಯುವ ಯಂತ್ರ ಕೂರಿಸುವುದು ಪೊವ್ವಲಿನ ಎಂಜಿನಿಯರಿಂಗ್ ಕಾಲೇಜಿನವರೂ ಪಡನ್ನಕ್ಕಾಡಿನ ಕೃಷಿ ಕಾಲೇಜಿನವರೂ ಕೂಡಿ ಮಾಡಬಹುದಾದ ಕೆಲಸ. ತಿನ್ನುವ ವಸ್ತು ಯಾವುದೇ ಇರಲಿ, ಆಹಾರ ಸುರಕ್ಷತಾ ಇಲಾಖೆಯ ಎಫ್‌ಎಸ್‌ಎಸ್‌ಎಐ ನೋಂದಣಿಯಿಲ್ಲದೆ ಮಾರುವಂತಿಲ್ಲ.

ವಿಷಮುಕ್ತ ಎಂಬ ಮಾತಿಗೆ ಈ ಜಿಲ್ಲೆಯಲ್ಲಿ ಬೇರೆಯೇ ತೂಕವಿದೆ. ಸರಕಾರಿ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಎಣ್ಮಕಜೆ, ಬೆಳ್ಳೂರು, ಮುಳಿಯಾರಿನವರು ಮರೆತಿಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆಯಿತು. ಹಾಗಾಗಿ ‘ಸಾವಯವ’ ಎಂದು ಬರೆದರೆ ಇಲ್ಲಿನ ಗಿರಾಕಿ ಪುರಾವೆ ಕೇಳುತ್ತಾನೆ. ಪಿಜಿಎಸ್ ಎಂಬ ಪದ್ಧತಿಯಲ್ಲಿ ಕನಿಷ್ಠ ಐವರು ರೈತರು ಗುಂಪಾಗಿ ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸಿ ಪ್ರಮಾಣೀಕರಿಸುತ್ತಾರೆ. ಖರ್ಚು ಕಡಿಮೆ, ಕಾಗದಪತ್ರ ಜಾಸ್ತಿ. ಆ ದಾಖಲೆ ಇಡುವ ಕೆಲಸಕ್ಕೆ ರೈತರಿಗೆ ಪುರುಸೊತ್ತಿಲ್ಲ, ಬಿ.ಕಾಂ. ಓದುವವರು ಅದನ್ನೇ ಸೇವೆಯಾಗಿ ಒದಗಿಸಬಹುದು. ಬೀಜ ಉಳಿಸುವುದರಲ್ಲಿ ಮಾದರಿ ಬೇಕೆಂದರೆ ದೂರ ಹೋಗಬೇಕಾಗಿಲ್ಲ. 650ಕ್ಕೂ ಹೆಚ್ಚು ಭತ್ತದ ತಳಿ ಕಾಪಿಟ್ಟು 2024ರಲ್ಲಿ ಪದ್ಮಶ್ರೀ ಪಡೆದ ಸತ್ಯನಾರಾಯಣ ಬೇಳೇರಿ ಇದೇ ಜಿಲ್ಲೆಯವರು.

ನೀರಿನ ಕೆಲಸ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಕೇರಳದ 44 ನದಿಗಳಲ್ಲಿ ಹನ್ನೆರಡು ಇಲ್ಲಿ ಹರಿಯುತ್ತವೆ. ಆದರೂ ಮಾರ್ಚ್ ದಾಟಿದರೆ ಟ್ಯಾಂಕರ್ ಓಡುತ್ತದೆ. ನಮ್ಮ ಮುರಕಲ್ಲಿನ ಗುಡ್ಡೆಗಳು ತೂತುತೂತು. ಕುಡಿದ ನೀರನ್ನು ಬೇಗ ಬಿಟ್ಟುಕೊಡುತ್ತವೆ, ಅದು ತೋಡು ಹಿಡಿದು ಕಡಲು ಸೇರುತ್ತದೆ. ಹಿಂದಿನವರು ಇದೇ ಗುಣವನ್ನು ಬಳಸಿ ಗುಡ್ಡೆಗೆ ಅಡ್ಡಲಾಗಿ ಸುರಂಗ ಕೊರೆದು, ಪಂಪಿಲ್ಲದೆ ನೀರು ತೋಟಕ್ಕೆ ಇಳಿಯುವ ಹಾಗೆ ಮಾಡಿದ್ದರು. ಮಳೆನೀರು ಹಿಡಿದಿಡುವ ಮದಕಗಳನ್ನೂ ತೋಡಿನ ಕಟ್ಟಗಳನ್ನೂ ಕಟ್ಟಿದ್ದರು. ಕೊಳವೆಬಾವಿ ಬಂದ ಮೇಲೆ ಸುರಂಗ ಕೊರೆಯಬಲ್ಲ ಕೈಗಳು ಕಡಿಮೆಯಾದವು. ಇರುವ ಸುರಂಗ, ಮದಕಗಳ ನಕ್ಷೆ ಮಾಡಿ, ಯಾವುದು ದುರಸ್ತಿಗೆ ಯೋಗ್ಯ ಎಂದು ಪಂಚಾಯತಿಗೆ ವರದಿ ಕೊಡುವುದು ಭೂಗೋಳ, ಭೂವಿಜ್ಞಾನದವರಿಗೆ ಒಪ್ಪುವ ಕೆಲಸ.

ಮನೆಯ ಮಾಡಿನ ನೀರು ಬಾವಿಗೆ ಇಳಿಸುವುದರಲ್ಲಿ ಲೆಕ್ಕ ಇನ್ನೂ ಸರಳ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ತಾರಸಿಗೆ ವರ್ಷದಲ್ಲಿ ಬೀಳುವುದು ಮೂರೂವರೆ ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 2 ಲಕ್ಷ 80 ಸಾವಿರ ಲೀಟರ್ ಸಿಗಬೇಕು. ಮಾಡಿನಂಚಿನ ನೀರಿನ ದೋಣಿ, ಪೈಪು, ಜಲ್ಲಿ-ಮರಳಿನ ಸೋಸುಗುಂಡಿ, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ಒಂದು ತಿರುಪು, ಸಾಮಾನು ಇಷ್ಟೇ. ಇದನ್ನು ಪ್ಲಂಬರ್ ಕೂಡ ಮಾಡುತ್ತಾನೆ. ಮಳೆಗಾಲದ ಮುಂಚೆ ಮತ್ತು ಮಾರ್ಚಿನಲ್ಲಿ ಬಾವಿಯ ಮಟ್ಟ ಅಳೆದು, ನೀರನ್ನು ಪರೀಕ್ಷಿಸಿ, ಎರಡು ವರ್ಷದ ಲೆಕ್ಕ ಮುಂದಿಡುವುದನ್ನು ವಿದ್ಯಾರ್ಥಿ ತಂಡ ಜತೆಗೆ ಸೇರಿಸಬಹುದು. ಗಿರಾಕಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು: ಮುರಕಲ್ಲಿನ ನೆಲದಲ್ಲಿ ನಿಮ್ಮ ಮಾಡಿನ ನೀರು ಪಕ್ಕದ ಮನೆಯ ಬಾವಿಯಲ್ಲೂ ಕಾಣಿಸಿಕೊಂಡೀತು. ಹಾಗಾಗಿ ಒಂದು ಮನೆಗಿಂತ ಒಂದು ಓಣಿಯ ಹತ್ತು ಮನೆಗಳನ್ನು ಒಪ್ಪಿಸಿದರೆ ಫಲ ಹೆಚ್ಚು, ಓಡಾಟದ ಖರ್ಚೂ ಕಡಿಮೆ.

ಸೋಲಾರ್ ಬಗ್ಗೆ ಎರಡೇ ಮಾತು. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವಾಟಿನ ಫಲಕಕ್ಕೆ 78 ಸಾವಿರ ರೂಪಾಯಿ ಸಹಾಯಧನವಿದೆ. ಫಲಕ ಕೂರಿಸುವುದು ನೋಂದಾಯಿತ ಕಂಪನಿಗಳ ಕೆಲಸ, ಅಲ್ಲಿ ಹೊಸಬರಿಗೆ ಜಾಗ ಕಡಿಮೆ. ಕೂರಿಸಿದ ಫಲಕದ ಮೇಲೆ ಹಾವಸೆ, ಕಾಗೆಯ ಹಿಕ್ಕೆ, ತೆಂಗಿನ ಮರದ ನೆರಳು ಬಿದ್ದಾಗ ನೋಡಿಕೊಳ್ಳುವವರು ಮಾತ್ರ ಬೇಕಾಗಿದ್ದಾರೆ.

ತಲಪಾಡಿಯ ಗಡಿ ದಾಟಿದರೆ

ಗಡಿನಾಡಿನ ವಿದ್ಯಾರ್ಥಿಗೆ ಮಾರುಕಟ್ಟೆ ಮಂಗಳೂರು, ಸರಕಾರ ತಿರುವನಂತಪುರದ್ದು. ಇದರಿಂದ ಲೆಕ್ಕ ಸ್ವಲ್ಪ ಸಿಕ್ಕಾಗುತ್ತದೆ.

ತೆರಿಗೆಯ ವಿಷಯ ಮೊದಲು. ಹೊಸಂಗಡಿಯಲ್ಲಿ ಮಾಡಿದ ಗೇರುಹಣ್ಣಿನ ಸಿರಪ್ಪನ್ನು ತೊಕ್ಕೊಟ್ಟಿನ ಅಂಗಡಿಗೆ ಕೊಟ್ಟರೆ ಅದು ಅಂತರರಾಜ್ಯ ಮಾರಾಟ. ತೆರಿಗೆ ಇರುವ ಸರಕನ್ನು ರಾಜ್ಯದಾಚೆ ಮಾರುವವರು ವ್ಯಾಪಾರ ಎಷ್ಟೇ ಸಣ್ಣದಿದ್ದರೂ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು. ಅದೇ ಬಾಟಲಿಯನ್ನು ಕೇರಳದೊಳಗಿನ ಪಯ್ಯನ್ನೂರಿಗೆ ಕಳಿಸಿದರೆ, ದೂರ ಹೆಚ್ಚಾದರೂ, ಈ ಕಡ್ಡಾಯ ಅನ್ವಯಿಸುವುದಿಲ್ಲ. ಸೇವೆಗೆ ಈ ಬಿಗಿ ಇಲ್ಲ. ವರ್ಷಕ್ಕೆ 20 ಲಕ್ಷ ರೂಪಾಯಿ ದಾಟುವ ತನಕ ಗಡಿಯಾಚೆಯೂ ನೋಂದಣಿಯಿಲ್ಲದೆ ಕೆಲಸ ಮಾಡಬಹುದು. ಇನ್ನು ಎಲೆ, ಹೂ, ತೊಗಟೆಗಳಿಂದ ಮಾಡಿದ ತಟ್ಟೆ-ಲೋಟಗಳ ತೆರಿಗೆಯನ್ನು 2019ರ ಸೆಪ್ಟೆಂಬರಿನ ಜಿಎಸ್‌ಟಿ ಮಂಡಳಿ ಸಭೆಯೇ ಸೊನ್ನೆಗೆ ಇಳಿಸಿದೆ. ಕೇವಲ ತೆರಿಗೆಯಿಲ್ಲದ ಸರಕು ಮಾರುವವರಿಗೆ ನೋಂದಣಿಯ ಕಡ್ಡಾಯವಿಲ್ಲ. ಹಾಳೆತಟ್ಟೆಯ ಪರವಾಗಿ ಇರುವ, ಯಾರೂ ಹೇಳದ ಒಂದು ಅಂಶ ಇದು.

ಯಾವ ರಾಜ್ಯದ ಯೋಜನೆ ಸಿಗುತ್ತದೆ ಎಂಬುದನ್ನು ಉದ್ಯಮದ ವಿಳಾಸ ನಿರ್ಧರಿಸುತ್ತದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಓದುತ್ತಾ ಮಂಜೇಶ್ವರದ ಮನೆಯಲ್ಲಿ ಘಟಕ ಮಾಡಿದರೆ ಅದು ಕೇರಳದ ಉದ್ಯಮ. ಕರ್ನಾಟಕದ ಅನುದಾನಕ್ಕೆ ಅರ್ಜಿ ಹಾಕಿ ಕಾಯುವುದರಲ್ಲಿ ಪ್ರಯೋಜನವಿಲ್ಲ. ಕೇರಳದಲ್ಲಿ ಕೆ-ಸ್ವಿಫ್ಟ್ ಎಂಬ ಜಾಲತಾಣದಲ್ಲಿ ಸ್ವಯಂ ಘೋಷಣೆ ಕೊಟ್ಟು ಸ್ವೀಕೃತಿ ಪಡೆದರೆ, 2019ರ ಕಾಯ್ದೆಯ ಪ್ರಕಾರ, ಹೆಚ್ಚು ಮಾಲಿನ್ಯದ ‘ಕೆಂಪು’ ವರ್ಗಕ್ಕೆ ಸೇರದ ಸಣ್ಣ ಘಟಕಗಳು ಉಳಿದ ಪರವಾನಗಿಗಳಿಗೆ ಕಾಯದೆ ಮೂರು ವರ್ಷ ನಡೆಸಬಹುದು. ಸಣ್ಣ ಉದ್ಯಮಗಳನ್ನು ದಾಖಲಿಸುವ ಕೇಂದ್ರದ ಉದ್ಯಮ್ ನೋಂದಣಿ ಎರಡೂ ಕಡೆ ಒಂದೇ, ಪೂರ್ತಿ ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅದು ದಲ್ಲಾಳಿಯದು ಎಂದು ತಿಳಿಯಿರಿ.

ಭಾಷೆಯ ತೊಡಕೂ ಇದೆ. ಸುತ್ತೋಲೆಗಳು ಮಲಯಾಳದಲ್ಲಿ, ಯೋಜನಾ ವರದಿ ಇಂಗ್ಲಿಷಿನಲ್ಲಿ, ಹಾಳೆ ಕೊಡುವ ತೋಟದವರ ಜತೆ ಮಾತು ಕನ್ನಡದಲ್ಲೋ ತುಳುವಿನಲ್ಲೋ. ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸಿಕೊಳ್ಳಬಹುದು. ಏನು ತುಂಬಿದ್ದಾರೆ ಎಂದು ಓದಿಸಿ ಕೇಳಿಕೊಂಡೇ ಸಹಿ ಹಾಕುವುದು ಕ್ಷೇಮ. ಈ ತೊಡಕಿಗೆ ಇನ್ನೊಂದು ಮಗ್ಗುಲೂ ಇದೆ. ನಾಲ್ಕು ಭಾಷೆಯಲ್ಲಿ ವ್ಯವಹರಿಸಬಲ್ಲ ಇಪ್ಪತ್ತರ ಹುಡುಗಿಯರು ಕೊಚ್ಚಿಯಲ್ಲೂ ಬೆಂಗಳೂರಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಹಣ ಎಲ್ಲಿಂದ

ಅನುದಾನವೆಂದರೆ ಹಿಂದಿರುಗಿಸಬೇಕಾಗಿಲ್ಲದ ಹಣ, ಆದರೆ ಖರ್ಚಿನ ಬಿಲ್ಲು ಕೊಡಬೇಕು. ಸಾಲವನ್ನು ಬಡ್ಡಿ ಸಮೇತ ತೀರಿಸಬೇಕು. ಪಾಲು ಬಂಡವಾಳ ಕೊಟ್ಟವರು ಉದ್ಯಮದ ಒಡೆತನದಲ್ಲಿ ಭಾಗ ಕೇಳುತ್ತಾರೆ. ಸ್ಪರ್ಧೆಯ ವೇದಿಕೆಗಳಲ್ಲಿ ಮೂರನ್ನೂ ‘ಫಂಡಿಂಗ್’ ಎಂದೇ ಕರೆಯುವುದರಿಂದ ಗೊಂದಲ.

ಕೇರಳ ಸ್ಟಾರ್ಟಪ್ ಮಿಷನ್ ಕಾಲೇಜುಗಳಲ್ಲಿ ಐಇಡಿಸಿ ಎಂಬ ಘಟಕಗಳನ್ನು ನಡೆಸುತ್ತದೆ. ಹೊಸ ಐಡಿಯಾದ ಮಾದರಿ ಮಾಡುವುದಕ್ಕೆ ಅನುದಾನದ ದಾರಿ ಅಲ್ಲಿಂದಲೇ. ವಿದ್ಯಾರ್ಥಿ ಉದ್ಯಮಿಗಳಿಗೆ ಹಾಜರಾತಿಯಲ್ಲಿ ರಿಯಾಯಿತಿ, ಕೃಪಾಂಕ ಕೊಡುವ ಕ್ರಮವೂ ಕೇರಳದಲ್ಲಿದೆ. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ 2021ರಲ್ಲಿ ಶುರುವಾಯಿತು. ಪರಿಕಲ್ಪನೆಯನ್ನು ಸಾಬೀತು ಮಾಡಲು, ಹೊಸ ಉದ್ಯಮಗಳನ್ನು ಪೋಷಿಸುವ ಇನ್‌ಕ್ಯುಬೇಟರ್ ಮೂಲಕ 20 ಲಕ್ಷದವರೆಗೆ ಅನುದಾನಕ್ಕೆ ಅವಕಾಶ. ಆದರೆ ಅದಕ್ಕೆ ನೋಂದಾಯಿತ ಕಂಪನಿ ಬೇಕು, ಹೊಸತನವೂ ಬೇಕು. ಹತ್ತು ಊರಿನಲ್ಲಿ ಇರುವಂಥ ಇನ್ನೊಂದು ಹಾಳೆತಟ್ಟೆ ಘಟಕಕ್ಕೆ ಅದು ಸಿಗದು. ಅಂಥದಕ್ಕೆ ಪಿಎಂಇಜಿಪಿ ಎಂಬ ಸಾಲ-ಸಹಾಯಧನ ಯೋಜನೆ ಸರಿಹೊಂದುತ್ತದೆ: 18 ತುಂಬಿರಬೇಕು, ಘಟಕ ಹೊಸದಾಗಿರಬೇಕು, ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರೂ ಸೇರಿದ ವಿಶೇಷ ವರ್ಗಕ್ಕೆ ಶೇ. 35 ಸಹಾಯಧನ. ಸ್ವಂತ ಪಾಲು ಸ್ವಲ್ಪ ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲವೇ. ಓದು ಮುಗಿಯುವ ಮೊದಲೇ ಕಂತು ಶುರುವಾಗುವ ಸಾಲ ಬೇಕೇ ಎಂದು ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಬೇಕು.

‘ಪರಿಸರಸ್ನೇಹಿ’ ಎಂದು ಬರೆಯುವ ಮುನ್ನ

ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರ ಹಾಕುವುದಕ್ಕೂ ಈಗ ಕಟ್ಟುಪಾಡಿದೆ. ಇಲ್ಲದ ಪರಿಸರಗುಣವನ್ನು ಹೇಳಿಕೊಂಡು ಮಾರುವುದಕ್ಕೆ ‘ಗ್ರೀನ್‌ವಾಷಿಂಗ್’ ಎನ್ನುತ್ತಾರೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಇದರ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. ‘ಪರಿಸರಸ್ನೇಹಿ’, ‘ಸಂಪೂರ್ಣ ಸಹಜ’ ಎಂದರೆ ಪುರಾವೆ ತೋರಿಸಬೇಕು. ಗೊಬ್ಬರವಾಗುವ ಪ್ಲಾಸ್ಟಿಕ್ ಎಂದು ಸಗಟಿನಲ್ಲಿ ಚೀಲ ತಂದು ಮಾರುವವರು ಇನ್ನೂ ಎಚ್ಚರವಾಗಿರಬೇಕು. ಅದು ಐಎಸ್ 17088 ಎಂಬ ಮಾನಕಕ್ಕೆ ಹೊಂದಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರುವ ತಯಾರಕರದ್ದಾಗಿರಬೇಕು. ಅಂಥ ಚೀಲವೂ ನಿಗದಿತ ಬಿಸಿ-ತೇವ ಇರುವ ಗೊಬ್ಬರ ಘಟಕದಲ್ಲಿ ಕರಗುತ್ತದೆಯೇ ಹೊರತು ಚಂದ್ರಗಿರಿ ಹೊಳೆಯಲ್ಲಿ ಎಸೆದರೆ ಅಷ್ಟು ಬೇಗ ಕರಗುವುದಿಲ್ಲ.

ಪದವಿ ಮುಗಿದ ಮೇಲೆ

ವಿದ್ಯಾರ್ಥಿಗಳ ಉದ್ಯಮ ಹೆಚ್ಚಾಗಿ ನಿಲ್ಲುವುದು ನಷ್ಟದಿಂದಲ್ಲ, ರಿಸಲ್ಟ್ ಬಂದ ಮೇಲೆ. ಒಬ್ಬಳು ಬಿ.ಎಡ್.ಗೆ ಹೋಗುತ್ತಾಳೆ, ಒಬ್ಬ ಗಲ್ಫಿಗೆ ವೀಸಾ ಬಂತೆನ್ನುತ್ತಾನೆ, ಉಳಿದವನ ಹಿತ್ತಿಲಲ್ಲಿ ಯಂತ್ರ. ಇದನ್ನು ಶುರುವಿನಲ್ಲೇ ಬರೆದಿಟ್ಟುಕೊಳ್ಳಬೇಕು. ಪಾಲುದಾರಿಕೆ ಪತ್ರಕ್ಕೆ ದೊಡ್ಡ ವಕೀಲರು ಬೇಡ. ಯಾರು ಎಷ್ಟು ಹಣ ಹಾಕಿದರು, ಯಾರ ಹೆಸರಲ್ಲಿ ನೋಂದಣಿ, ಬಿಟ್ಟು ಹೋಗುವವರಿಗೆ ಎಷ್ಟು ಯಾವಾಗ ಕೊಡುವುದು, ಯಂತ್ರದ ಬೆಲೆಯನ್ನು ವರ್ಷಕ್ಕೆ ಎಷ್ಟು ಇಳಿಸಿ ಲೆಕ್ಕ ಹಿಡಿಯುವುದು, ಇಷ್ಟು ಸ್ಟಾಂಪು ಕಾಗದದ ಮೇಲೆ ಇದ್ದರೆ ಸಾಕು. ಗಿರಾಕಿಗಳ ಪಟ್ಟಿ, ಹಾಳೆ ಕೊಡುವ ತೋಟದವರ ಫೋನ್ ನಂಬರು ಯಾರ ಬಳಿ ಉಳಿಯಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ.